ನೀರು ಮುಟ್ಟಿದ ಕಲ್ಲು

ತರ್ನಾತೆ,
14 ಆಗಸ್ಟ್ 2023, ಸೋಮವಾರ

ಪ್ರೀತಿಯ ತಂಗಿ ನುರೈನಳಿಗೆ,

ನೀರಿನ ಈಚೆ ದಡದಿಂದ ಅಕ್ಕ ರುಗಾಯಾಳ ಸಲಾಮು. ನೀನು, ನಿನ್ನ ಹಾರೂನ, ಮಕ್ಕಳಿಬ್ಬರು ಎಲ್ಲರೂ ಗಟ್ಟಿಮುಟ್ಟಾಗಿದ್ದೀರೆಂದು ನಿಮ್ಮ ತಿದೋರೆ ದ್ವೀಪದ ದೋಣಿಯ ಸಫ್ರು ಕಾಕಾ ಹೇಳಿದರು, ಆದ್ದರಿಂದ ಆ ಪ್ರಶ್ನೆ ಕೇಳಿ ಅರ್ಧ ಪುಟ ಹಾಳು ಮಾಡುವುದಿಲ್ಲ. ಹಬ್ಬ ಮುಗಿದ ಮೇಲೆ ಬರೆಯುತ್ತೇನೆಂದು ಹೇಳಿಕಳಿಸಿದ್ದೆ. ಯಾವ ಹಬ್ಬವೆಂದು ಹೇಳಿರಲಿಲ್ಲ, ನೆನಪಿರಲಿ. ಆದರೂ ತಡವಾದದ್ದು ತಡವೇ. ಬೈಯಬೇಕೆನಿಸಿದರೆ ಬಂದು ಎದುರಿಗೇ ಬೈ. ಈ ಕಾಗದ ಬರೆಯುತ್ತಿರುವುದೂ ಅದಕ್ಕೇ.

ಫೋನ್ ಮಾಡಬಹುದಿತ್ತು. ಮಾಡಿದರೆ ನೀನು "ಒಲೆ ಮೇಲೆ ಮೀನಿದೆ ಅಕ್ಕಾ, ಆಮೇಲೆ ಮಾಡ್ತೀನಿ" ಎನ್ನುತ್ತೀಯ. ಹನ್ನೆರಡು ವರ್ಷದಿಂದ ನಿನ್ನ ಒಲೆಯ ಮೇಲೆ ಅದೇ ಮೀನು ಇದೆ. ಕಾಗದವನ್ನಾದರೆ ನಡುವೆ ಕತ್ತರಿಸಲು ಬರುವುದಿಲ್ಲ. ಹೆಚ್ಚೆಂದರೆ ಮಡಿಸಿ ಅಕ್ಕಿ ಡಬ್ಬಿಯೊಳಗೆ ತುರುಕುತ್ತೀಯ, ಅಕ್ಕಿ ತೆಗೆಯುವಾಗಲೆಲ್ಲ ಮತ್ತೆ ಕೈಗೆ ಸಿಗುತ್ತದೆ. ನಾನು ಎಲ್ಲ ಯೋಚನೆ ಮಾಡಿಯೇ ಕೂತಿದ್ದೇನೆ.

ಮೊದಲ ಸುದ್ದಿ ಗುಡ್ಡದ್ದು. ನೀನು ಈ ಕಡೆ ನೋಡುವುದಿಲ್ಲವಾದ್ದರಿಂದ ನಾನೇ ಹೇಳಬೇಕು. ಹೊಸ ಮನೆ ಕಟ್ಟಿಸುವಾಗ ಬಾಗಿಲು ಕಿಟಕಿ ಎಲ್ಲವನ್ನೂ ನಮಗೆ ಬೆನ್ನು ಮಾಡಿ ಇಡಿಸಿದ್ದೀಯಂತೆ. ಸಫ್ರು ಕಾಕಾ ಹೇಳಿದ್ದು: "ನಿನ್ನ ತಂಗಿ ಮನೇಗೆ ಗಾಳಿಯೇ ಬರಲ್ಲ ಕಣೇ, ಆದ್ರೂ ಆ ಗೋಡೆಗೆ ಒಂದು ತೂತು ಇಡಿಸಿಲ್ಲ." ಇರಲಿ. ಗಾಮಲಾಮಾ ಮೂರು ವಾರದಿಂದ ಹೊಗೆ ಬಿಡುತ್ತಿದೆ. ಎಂಟು ಸಲ ನೆಲ ನಡುಗಿತು, ಅದರಲ್ಲಿ ಎರಡು ಸಲ ಪಾತ್ರೆಗಳೂ ಮಾತಾಡಿದವು. ಮೊನ್ನೆ ಬೆಳಗ್ಗೆ ಒಗೆದು ಹರವಿದ್ದ ಮುಖ್ತಾರನ ಬಿಳಿ ಅಂಗಿ ಮಧ್ಯಾಹ್ನಕ್ಕೆ ಬೂದಿ ಬಣ್ಣದ ಅಂಗಿಯಾಗಿತ್ತು. ನನ್ನ ಗಂಡ ತನ್ನ ಆ ಅಂಗಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಒಳ್ಳೇದೇ ಆಯ್ತು ಬಿಡು, ಕೊಳೆ ಕಾಣಲ್ಲ" ಎಂದ. ಆ ಮನುಷ್ಯನಿಗೆ ಗುಡ್ಡ ಸಿಡಿದು ತಲೆ ಮೇಲೆ ಬಿದ್ದರೂ ನೆರಳಾಯಿತು ಎನ್ನುತ್ತಾನೆ.

ಲವಂಗ ಈ ವರ್ಷ ಜೋರಾಗಿದೆ. ರಸ್ತೆಯ ಇಕ್ಕೆಲದಲ್ಲೂ ಚಾಪೆ ಹಾಸಿ ಒಣಹಾಕಿದ್ದಾರೆ. ನಮ್ಮ ಮನೆಯಿಂದ ದೋಣಿ ಕಟ್ಟೆಯವರೆಗೆ ನೂರಾ ಹದಿನಾಲ್ಕು ಚಾಪೆ ಎಣಿಸಿದೆ. ಪ್ರತಿ ಚಾಪೆಯ ಪಕ್ಕ ಒಬ್ಬಳು ಮುದುಕಿ ಪೊರಕೆ ಹಿಡಿದು ಬೂದಿ ಗುಡಿಸುತ್ತ ಗುಡ್ಡಕ್ಕೆ ಬೈಯುತ್ತಿರುತ್ತಾಳೆ. ಆ ಗುಡ್ಡದ ಮಣ್ಣಿಲ್ಲದಿದ್ದರೆ ಲವಂಗ ಎಲ್ಲಿರುತ್ತಿತ್ತು ಎಂದು ಯಾರೂ ಕೇಳುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ಯಾಯಾ ಅಂಗಳದಲ್ಲಿ ಕೂತು ಕೆನಾರಿ ಕಾಯಿ ಒಡೆಯುತ್ತಿದ್ದವಳು ಸುತ್ತಿಗೆ ಕೆಳಗಿಟ್ಟು ಕೇಳಿದಳು: "ದೋಣಿ ಯಾವಾಗ ಖಾಲಿ ಇರುತ್ತೆ?"

"ಯಾಕೆ ಯಾಯಾ?"

"ದ್ವೀಪ ಬಳಸಿ ಗುಡ್ಡ ಸುತ್ಬೇಕು. ಅದು ಮುನಿಸ್ಕೊಂಡಿದೆ."

"ಊರಿನೋರು ಎಲ್ಲಾ ಸೇರಿ ಸುತ್ತೋಕೆ ದಿನ ನೋಡ್ತಿದಾರೆ. ಅವರ ಜೊತೆ ನಮ್ಮ ನಾಕು ದೋಣಿನೂ ಹೋಗುತ್ತೆ, ನೀನೂ ಕೂತ್ಕೋ."

"ಊರಿನೋರದ್ದು ಊರಿನೋರಿಗೆ. ನಾನು ಹೆತ್ತಿರೋದು ಇಬ್ರನ್ನ. ಎಡಕ್ಕೊಬ್ಳು, ಬಲಕ್ಕೊಬ್ಳು ಕೂತ್ರೆ ನಾನು ದೋಣಿ ಹತ್ತೋದು. ಇಲ್ಲಾಂದ್ರೆ ಈ ಮಂಡಿನ ಯಾಕೆ ನೋಯಿಸ್ಲಿ?"

"ಅವಳು ಬರಲ್ಲ ಯಾಯಾ. ಎರಡು ಸಲ ಕರೆದು ನೋಡಿಲ್ವಾ?"

ಅವಳು ಮಂಜು ಕವಿದ ಕಣ್ಣನ್ನು ನನ್ನತ್ತ ತಿರುಗಿಸಿ, "ಊರೋರಿಗೆಲ್ಲ ಕಲ್ಲು ಮಾರಿದೋಳು ನೀನು. ಒಬ್ಳು ತಂಗಿನ ಕರೆಯೋಕೆ ಬರಲ್ವಾ ನಿಂಗೆ?" ಎಂದಳು.

ನನ್ನ ಕಸುಬಿನ ಮೇಲೇ ಕೈ ಹಾಕಿದರೆ ನಾನು ಸುಮ್ಮನಿರುವವಳೇ? ಮಾರಿದ್ದು ನಿಜ. ಹೆಕ್ಕಿ ತಂದವಳು ನೀನು, ಮಾರಿದವಳು ನಾನು. ತೋಲಿರೆ ಕೆರೆಯ ಅಂಚಿನಲ್ಲಿ ಐದೈದು ಕಲ್ಲಿನ ಗುಪ್ಪೆ ಮಾಡಿ, "ಎಸೀರಿ ಎಸೀರಿ, ಇವತ್ತಿನವರೆಗೆ ಯಾರ ಕಲ್ಲೂ ನೀರು ಮುಟ್ಟಿಲ್ಲ" ಎಂದು ಕೂಗುತ್ತಿದ್ದೆನಲ್ಲ. ಎಲ್ಲಿ ನೋಡಿದರೂ ಕಲ್ಲೇ ಇರುವ ದ್ವೀಪದಲ್ಲಿ ಕಲ್ಲು ಮಾರಿ ಬದುಕುವುದಕ್ಕೆ ಬಾಯಿ ಬೇಕು. ಆ ಕಲ್ಲಿನಿಂದ ಕರಿದ ಬಾಳೆಕಾಯಿಯ ಅಂಗಡಿ ಆಯಿತು, ಅಂಗಡಿಯಿಂದ ಒಂದು ದೋಣಿ, ಒಂದರಿಂದ ನಾಲ್ಕು. ಈಗಲೂ ಪ್ರವಾಸಿಗರನ್ನು ಅಲ್ಲಿಗೆ ಕರೆದೊಯ್ಯುತ್ತೇನೆ. ಹೋದ ವಾರ ಮಕಾಸ್ಸರಿನ ದೊಡ್ಡ ಹೊಟ್ಟೆಯ ಅಧಿಕಾರಿಯೊಬ್ಬ ಮೂವತ್ತೊಂದು ಕಲ್ಲು ಎಸೆದ. ಕೆರೆ ಕಾಲಡಿಯಲ್ಲೇ ಇರುವಂತೆ ಕಾಣುತ್ತದೆ, ಕಲ್ಲು ಮಾತ್ರ ಕಾಡಿನ ಮೇಲೆ ಬಾಗಿ ಎಲ್ಲೋ ಮಾಯವಾಗುತ್ತದೆ. ಕೊನೆಗೆ ಆತ ಬೆವರು ಒರೆಸಿಕೊಂಡು, "ಅಮ್ಮಾ, ನಿಜ ಹೇಳಿ, ಒಂದಾದ್ರೂ ನೀರಿಗೆ ಬಿದ್ದದ್ದು ನೋಡಿದೀರಾ?" ಎಂದು ಕೇಳಿದ. "ಒಂದೂ ಇಲ್ಲ" ಎಂದೆ. ನಾನು ಯಾವಾಗಲೂ ಹಾಗೆಯೇ ಹೇಳುವುದು.

ಸರಿ, ನಿನ್ನನ್ನು ಕರೆಯುತ್ತೇನೆ, ಕೇಳು. ಶನಿವಾರ 26ಕ್ಕೆ ದೊಡ್ಡ ದೋಣಿಯನ್ನು ಯಾರಿಗೂ ಕೊಡದೆ ಇಟ್ಟಿದ್ದೇನೆ. ಬೆಳಗ್ಗೆ ಏಳಕ್ಕೆ ಕಟ್ಟೆ ಬಿಟ್ಟು, ಗುಡ್ಡವನ್ನು ಎಡಗೈಗೆ ಇಟ್ಟುಕೊಂಡು ಬಡಗಣಕ್ಕೆ ಹೊರಡುವುದು. ಮೊದಲು ಸಿಗುವುದು ಸುಟ್ಟ ಕಲ್ಲಿನ ಬಯಲು. ಗುಡ್ಡದಿಂದ ಸಮುದ್ರದವರೆಗೆ ಕರೀ ಕಲ್ಲು ಕುದಿಯುತ್ತಲೇ ಹೆಪ್ಪುಗಟ್ಟಿದಂತಿರುವ ಆ ಜಾಗದಲ್ಲಿ ನೀನು ಬರಿಗಾಲಲ್ಲಿ ಓಡಿ ಹಿಮ್ಮಡಿ ಸೀಳಿಕೊಂಡಿದ್ದೆ. ನಾನು ನಿನ್ನನ್ನು ಬೆನ್ನ ಮೇಲೆ ಹೊತ್ತು ತಂದೆ, ನೀನು ದಾರಿಯುದ್ದಕ್ಕೂ "ಅಕ್ಕಾ, ನಿಧಾನ, ನಿನ್ನ ಬೆನ್ನು ಚುಚ್ಚುತ್ತೆ" ಎಂದು ನನಗೇ ಬೈದೆ. ಅಲ್ಲಿ ಕಲ್ಲಿನ ಸೀಳಿನಲ್ಲಿ ಈಗ ಹುಲ್ಲು ಬಂದಿದೆ. ನಮ್ಮ ಅಜ್ಜನ ಅಜ್ಜನ ಕಾಲದಲ್ಲಿ ಹರಿದ ಬೆಂಕಿಗೆ ಈಗ ಹಸಿರು ಹುಟ್ಟುತ್ತಿದೆ, ನಿನ್ನ ಸಿಟ್ಟು ಅದಕ್ಕಿಂತ ಹಳೆಯದೇನೂ ಅಲ್ಲ.

ಆಮೇಲೆ ಸುಲಾಮದಾಹಾದ ಕೊಲ್ಲಿ. ನೀರು ಎಷ್ಟು ತಿಳಿ ಎಂದರೆ ದೋಣಿಯ ನೆರಳು ತಳದ ಮರಳಿನ ಮೇಲೆ ಬಿದ್ದು, ದೋಣಿ ಗಾಳಿಯಲ್ಲಿ ನಿಂತಂತೆ ಕಾಣುತ್ತದೆ. ಎರಡು ಹೆಜ್ಜೆ ಆಚೆಗೆ ಮರಳು ಇದ್ದಿಲಿನಂತೆ ಕಪ್ಪು, ಈಚೆಗೆ ಹವಳ ಹಾಲಿನಂತೆ ಬಿಳುಪು. ಅಲ್ಲೇ ನಿಲ್ಲಿಸಿ ಬಾಳೆಕಾಯಿ ಕರಿದು, ಮೆಣಸಿನ ಚಟ್ನಿ ಹಚ್ಚಿ ತಿನ್ನೋಣ. ಕೆನಾರಿ ಚೂರು ಉದುರಿಸಿದ ಶುಂಠಿ ಕಷಾಯವನ್ನು ಯಾಯಾ ತಾನೇ ಕಾಸಿ ತರುತ್ತಾಳಂತೆ. ಪಡುವಣದ ಕಡೆ ಅಲೆ ಜೋರು. ಅಲ್ಲಿ ಹಳ್ಳಿಗಳು ಕಡಿಮೆ, ಜಾಯಿಕಾಯಿ ಮರಗಳು ದಡದವರೆಗೆ ಇಳಿದು ಬಂದಿವೆ. ಆ ಭಾಗದಲ್ಲಿ ನೀನು ವಾಂತಿ ಮಾಡುತ್ತೀಯ. ನಿಂಬೆಹಣ್ಣು ಇಟ್ಟಿರುತ್ತೇನೆ. ತೆಂಕಣಕ್ಕೆ ತಿರುಗಿದಾಗ ನಿನ್ನ ತಿದೋರೆ ಗುಡ್ಡ ಎದುರಿಗೆ ಬರುತ್ತದೆ, ನಿನ್ನ ಮನೆಯ ಬೋಳು ಗೋಡೆಯೂ ಕಾಣುತ್ತದೆ. ಅದನ್ನೊಮ್ಮೆ ನೀನೇ ಇಲ್ಲಿಂದ ನೋಡಬೇಕು.

ಮರದ ಮಾತನ್ನು ನೀನು ಎತ್ತುವ ಮೊದಲೇ ನಾನು ಎತ್ತುತ್ತೇನೆ. ನಾನು ಹುಟ್ಟಿದಾಗ ಯಾಯಾ ಮೇಲಿನ ತೋಟದಲ್ಲಿ ಹಳ್ಳದ ದಂಡೆಗೆ ಒಂದು ಲವಂಗದ ಸಸಿ ನೆಟ್ಟು, ಸುಟ್ಟ ಬಯಲಿನ ಕರೀ ಕಲ್ಲು ಬುಡಕ್ಕಿಟ್ಟಳು. ಹದಿಮೂರು ತಿಂಗಳ ಮೇಲೆ ನೀನು ಹುಟ್ಟಿದಾಗ ಪಕ್ಕದಲ್ಲೇ ಇನ್ನೊಂದು ಸಸಿ, ಅದರ ಬುಡಕ್ಕೆ ಕೊಲ್ಲಿಯ ಬಿಳಿ ಹವಳದ ಕಲ್ಲು. ಒಂದೇ ಎತ್ತರಕ್ಕೆ ಬೆಳೆದ ಮರಗಳು, ಯಾರದು ಯಾವುದು ಎಂದು ಕಲ್ಲು ನೋಡಿಯೇ ಹೇಳಬೇಕಿತ್ತು. ಹನ್ನೆರಡು ವರ್ಷದ ಕೆಳಗೆ ಬೂದಿಯ ಮೇಲೆ ಮಳೆ ಸುರಿದು, ಹಳ್ಳ ಕೆಸರು ಹೊತ್ತು ಬಂದು, ದಂಡೆಯ ಇಪ್ಪತ್ತಾರು ಮರ ಒಯ್ದಿತು. ನಮ್ಮೆರಡರಲ್ಲಿ ಕರೀ ಕಲ್ಲಿನದು ಉಳಿಯಿತು. ಕೆಸರು ದಂಡೆಯಲ್ಲಿದ್ದುದನ್ನು ಒಯ್ದರೆ, ಅದರಲ್ಲಿ ಗುಡ್ಡ ನಿನ್ನ ಹೆಸರು ಹಿಡಿದು ಕರೆದದ್ದೇನು ಬಂತು? ಮರವೆಂದರೆ ಮರ. ಊರಿನ ಹೆಂಗಸರಿಗೆ ಬಾಯಿಯಿತ್ತು, ಮರ ಹೋದವಳು ಕೆಡುಕು ತರುತ್ತಾಳೆಂದು ಆಡಿಕೊಂಡರು.

ನನ್ನ ಮದುವೆಯ ಮೆಹಂದಿಯ ದಿನ ದೊಡ್ಡತ್ತೆ "ಮರ ಹೋದೋಳು ಮದುಮಗಳ ಕೈ ಮುಟ್ಬಾರ್ದು, ಆ ಕಡೆ ಕೂತ್ಕೊಳ್ಳೇ" ಎಂದಾಗ ನೀನು ಮೆಹಂದಿ ಬಟ್ಟಲನ್ನು ಕೆಳಗಿಟ್ಟು ಬಾಗಿಲ ಬಳಿ ಹೋಗಿ ಕೂತೆ. ನಾನು ಕೈ ಚಾಚಿಕೊಂಡು ಸುಮ್ಮನಿದ್ದೆ. ಊರು ಬಿಟ್ಟು ತಿದೋರೆಗೆ ದೋಣಿ ಹತ್ತುವ ದಿನ ನೀನು ಹೇಳಿದ್ದು ಇಷ್ಟೇ: "ಅಕ್ಕಾ, ಅವತ್ತು ನೀನು ಒಂದು ಮಾತು ಆಡ್ಬಹುದಿತ್ತು." ಹೌದು, ಆಡಬಹುದಿತ್ತು. ಲೋಕಕ್ಕೆಲ್ಲ ಮಾತು ಮಾರಿದವಳ ಬಳಿ ಅವತ್ತು ಒಂದು ಮಾತು ಇರಲಿಲ್ಲ. ಅದಕ್ಕೆ ಕ್ಷಮೆ ಕೇಳುತ್ತೇನೆ. ಈಗ ಬಾ.

ಮುಖ್ತಾರ್ ನಿನಗೆ ಸಲಾಮು ಹೇಳಿದ್ದಾನೆ. ನಾನು ನನ್ನ ಆ ಮರದ ಲವಂಗವನ್ನು ಮಾತ್ರ ಯಾವ ವರ್ಷವೂ ಕೀಳಿಸುವುದಿಲ್ಲ, ಮೊಗ್ಗು ಅರಳಿ ಉದುರಿಹೋಗುತ್ತದೆ. ಅದನ್ನು ಕಂಡು ಅವನು ದಿನಾ ಕಾಡುತ್ತಾನೆ: "ಚಾಪೆ ಮೇಲಿನ ಉದುರೂ ಬಿಡದೋಳು ನೀನು, ನಿನ್ನ ಮರಕ್ಕೆ ಮಾತ್ರ ಯಾಕೇ ವರ್ಷಪೂರ್ತಿ ರಜೆ?" ಗಂಡಸರಿಗೆ ಎಲ್ಲವನ್ನೂ ವಿವರಿಸಲಾಗುವುದಿಲ್ಲ.

ಮಕ್ಕಳ ಹಣೆಗೆ ನನ್ನ ಮುತ್ತು. ನಿನ್ನ ಒಲೆಯ ಬೆಂಕಿ ಆರದಿರಲಿ, ಹಾರೂನನ ಬಲೆ ಖಾಲಿ ಬಾರದಿರಲಿ.

ನಿನ್ನ ಅಕ್ಕ,
ರುಗಾಯಾ

ತಾ.ಕ.: ಸುತ್ತು ಹೋಗುವಾಗ ಬಿಳಿ ಹವಳದ ಕಲ್ಲೊಂದು ಬೇಕೆಂದು ಯಾಯಾ ಹಟ ಹಿಡಿದಿದ್ದಾಳೆ. ಯಾಕೆಂದು ಕೇಳಿದರೆ ಹೇಳುವುದಿಲ್ಲ. ಕೊಲ್ಲಿಯಲ್ಲಿ ಈಗ ಹವಳ ಮುಟ್ಟಲು ಬಿಡುವುದಿಲ್ಲ. ನಿಮ್ಮ ದಡದಲ್ಲಿ ಒಡೆದು ಬಿದ್ದದ್ದು ಇದ್ದರೆ ಬರುವಾಗ ತಾ.

*

ತರ್ನಾತೆ,
22 ಆಗಸ್ಟ್, ಮಂಗಳವಾರ

ನುರೈನ್,

ಸಲಾಮು. ಈ ಸಲ ತಡವಾಯಿತೆಂದು ನೀನು ಹೇಳುವಂತಿಲ್ಲ. ನಿನ್ನ ಕಟ್ಟು ಬಂದದ್ದು ನಿನ್ನೆ ಸಂಜೆ.

ಸಫ್ರು ಕಾಕಾ ಕಟ್ಟೆಯಲ್ಲಿ ಜನರೆಲ್ಲ ಇರುವಾಗಲೇ ಅದನ್ನು ನನ್ನ ಕೈಗಿಟ್ಟು ಕೂಗಿದರು: "ತಗೋಳೇ ರುಗಾಯಾ, ಮೀನು ಅಂತ ಹಗುರಾಗಿ ಎತ್ತೋಕೆ ಹೋಗಿ ಸೊಂಟ ಹಿಡಿಸ್ಕೊಂಡೆ. ಒಳಗೆ ಕಲ್ಲಿದೆ! ನಿಮ್ಮ ಮನೆತನಕ್ಕೆ ಕಲ್ಲಿನ ಹುಚ್ಚು ಯಾವಾಗ ಬಿಡುತ್ತೆ?"

"ಕಾಕಾ, ನಿಮ್ಮ ಸೊಂಟ ಹಿಡಿದು ಆರು ವರ್ಷ ಆಯ್ತು, ಅದನ್ನ ನನ್ನ ತಂಗಿ ತಲೆಗೆ ಕಟ್ಬೇಡಿ" ಎಂದೆ. ಜನ ನಕ್ಕರು. ಮನೆಗೆ ತಂದು ಬಿಚ್ಚಿದೆ. ಹೊಗೆ ಹಾಕಿದ ಮೀನು ಹನ್ನೆರಡು, ಒಂದೂ ಮುರಿದಿಲ್ಲ. ನಿನ್ನ ಕೈ ಇನ್ನೂ ಅದೇ ಕೈ. ಕೆಳಗೆ ಬಟ್ಟೆಯಲ್ಲಿ ಸುತ್ತಿದ ಬಿಳಿ ಕಲ್ಲು. ಕಲ್ಲಿಗೆ ಅಂಟಿಸಿದ ಚೀಟಿ:

"ಮರ ಇಲ್ಲದವಳಿಗೆ ಸುತ್ತು ಇಲ್ಲ. ದೋಣಿಗೆ ನನ್ನ ಕೆಡುಕು ಬೇಡ. ನನ್ನ ಜಾಗದಲ್ಲಿ ಇದನ್ನು ಕೂರಿಸಿಕೊಳ್ಳಿ."

ಓದಿದ ಕೂಡಲೇ ನನಗೆ ಸಿಟ್ಟು ಬಂತು. ನಾನು ಮೂರು ಪುಟ ಬರೆದರೆ ನೀನು ಮೂರು ಸಾಲು ಬರೆಯುತ್ತೀಯ, ಅದೂ ವಾದಿಸಲು ಸಂದು ಬಿಡದ ಸಾಲು. ಉತ್ತರಗಳು ನನ್ನ ಬಳಿ ಬೇಕಾದಷ್ಟಿವೆ. ಮರ ಹೋದ ಮೇಲೂ ನಿನಗೆ ಗಂಡ ಸಿಕ್ಕಿದ, ಎರಡು ಮಕ್ಕಳಾದವು, ನಿನ್ನ ಮೀನಿಗೆ ಎರಡೂ ದ್ವೀಪದಲ್ಲಿ ಹೆಸರಿದೆ. ಇದರಲ್ಲಿ ಕೆಡುಕು ಎಲ್ಲಿ ಬಂತು ಎಂದು ಕೇಳಬಹುದು. ಕೇಳಿದರೆ ನೀನು ಏನು ಹೇಳುತ್ತೀಯೆಂದೂ ಗೊತ್ತು: "ಅದೆಲ್ಲ ತಿದೋರೆ ಗುಡ್ಡ ಕೊಟ್ಟಿದ್ದು ಅಕ್ಕಾ, ನಮ್ಮ ಗುಡ್ಡ ಅಲ್ಲ." ಒಂಬತ್ತು ವರ್ಷದ ಹಿಂದೆ ನಾನು ನಿನ್ನ ಮನೆಗೆ ಬಂದಾಗ ಇದೇ ಮಾತು ಹೇಳಿ, ಚಹಾ ಕೊಟ್ಟು, ಒಳಗೆ ಹೋಗಿಬಿಟ್ಟೆ. ಎದುರಿಗೆ ಕೂತವರನ್ನು ಒಪ್ಪಿಸಲು ನನಗೆ ಅರ್ಧ ಗಂಟೆ ಸಾಕು. ನೀನು ಎದುರಿಗೆ ಕೂರುವುದೇ ಇಲ್ಲ.

ಕಲ್ಲನ್ನು ಯಾಯಾಳ ಮಡಿಲಿಗಿಟ್ಟೆ. ಅವಳು ಅದನ್ನು ಎರಡೂ ಕೈಯಲ್ಲಿ ತಿರುಗಿಸಿದಳು, ಮೂಸಿದಳು, ಕೆನ್ನೆಗೆ ಒತ್ತಿಕೊಂಡಳು. ನಿನ್ನ ಚೀಟಿ ಓದಿ ಹೇಳಿದೆ. "ಇದನ್ನ ತಗೊಂಡೋಗಿ ಮರದ ಬುಡಕ್ಕಿಡು" ಎಂದಳು.

"ಯಾವ ಮರ ಯಾಯಾ? ಇರೋದೇ ಒಂದು. ಅದು ನಂದು."

"ಕಣ್ಣು ಹೋಗಿರೋದು ನಂಗೆ" ಎಂದಳು, "ನಿಂಗಲ್ಲ."

ನಾನು ಒಲೆ ನೋಡುವ ನೆಪದಲ್ಲಿ ಒಳಗೆ ಹೋದೆ.

ಇವತ್ತು ಬೆಳಗ್ಗೆ ಕಲ್ಲು ಚೀಲಕ್ಕೆ ಹಾಕಿಕೊಂಡು ಮೇಲಿನ ತೋಟಕ್ಕೆ ಹತ್ತಿದೆ. ಮುಖ್ತಾರ್ ಬರುತ್ತೇನೆಂದ, ಬೇಡ ಎಂದೆ. "ಕಲ್ಲು ಗುಡ್ಡದಿಂದ ಇಳಿಸಿ ಮಾರ್ತಿದ್ದೋಳು, ಈಗ ಗುಡ್ಡಕ್ಕೆ ಹೊರ್ತಿದೀಯಲ್ಲೇ" ಎಂದ. ಚೀಲ ಹೆಗಲಿಗೇರಿಸಿ ಹೊರಟೆ. ಬುಡದಲ್ಲಿ ತೆಂಗು, ಆಮೇಲೆ ಜಾಯಿಕಾಯಿ, ಆಮೇಲೆ ಲವಂಗ, ಅದರ ಮೇಲೆ ಬಿದಿರು, ಅದರಾಚೆ ಬರೀ ಹೊಗೆ. ಚಿಕ್ಕಂದಿನಲ್ಲಿ ನಾವು ಒಂದೇ ಉಸಿರಿಗೆ ಓಡಿ ಹತ್ತುತ್ತಿದ್ದ ದಾರಿಯಲ್ಲಿ ಇವತ್ತು ಹದಿನೇಳು ಸಲ ನಿಂತೆ. ಹಳ್ಳದ ಆ ಕಡೆ ಕೆಸರು ಬಂದ ಜಾಗದಲ್ಲಿ ಜರೀಗಿಡ ಆಳೆತ್ತರ ಬೆಳೆದಿದೆ. ಬಂಡೆಗಳು ಮಾತ್ರ ಅವತ್ತು ನಿಂತಲ್ಲೇ ನಿಂತಿವೆ. ಏಣಿ ಹಾಕಿ ಲವಂಗ ಕೀಳುತ್ತಿದ್ದವರು ಮರದ ಮೇಲಿಂದಲೇ "ರುಗಾಯಾಕ್ಕಾ, ಈ ವರ್ಷಾನೂ ನಿಮ್ಮ ಮರ ಬಿಟ್ಬಿಡೋದಾ?" ಎಂದು ಕೇಳಿದರು. ಬಿಡಿ ಎಂದೆ. ಮರದ ತುಂಬ ಗೊಂಚಲು. ಅರಳಿದ್ದೆಲ್ಲ ಉದುರಿ, ನೆಲ ಕೆಂಪಗಾಗಿತ್ತು. ಅದರ ಮೇಲೆ ಬೂದಿ. ಅಲ್ಲಿ ಕೂತೇ ಈ ಕಾಗದ ಶುರು ಮಾಡಿದ್ದು. ಗುಡ್ಡ ಒಮ್ಮೆ ಸಣ್ಣಗೆ ನಡುಗಿತು, ಎಲೆಯ ಮೇಲಿದ್ದ ಬೂದಿ ಕಾಗದದ ಮೇಲೆ ಬಿತ್ತು. ಅಕ್ಷರದ ಮೇಲೆ ಬೆರಳಾಡಿಸಿದರೆ ನಿನ್ನ ಕೈಗೂ ಅಂಟೀತು.

ಶನಿವಾರದ ಏರ್ಪಾಡು ಬದಲಾಗಿಲ್ಲ. ದೋಣಿ ತೊಳೆದಾಗಿದೆ, ನೆರಳಿಗೆ ಹೊಸ ಬಟ್ಟೆ ಕಟ್ಟಿಸಿದ್ದೇನೆ, ಯಾಯಾಳ ಮಂಡಿಗೆ ದಿಂಬು ಇದೆ. ದುವಾ ಓದಲು ಮಸೀದಿಯ ಹಿರಿಯರು ಒಬ್ಬರು ಬರುತ್ತಾರೆ. ಸಫ್ರು ಕಾಕಾ ಬೆಳಗ್ಗೆ ಆರಕ್ಕೆ ನಿಮ್ಮ ಕಡೆಯಿಂದ ಹೊರಡುವ ಮೊದಲ ದೋಣಿಯಲ್ಲಿ ಒಂದು ಜಾಗ ಹಿಡಿದಿಟ್ಟಿರುತ್ತಾರೆ. ನೀನು ಬಾರದಿದ್ದರೆ ಆ ಜಾಗದಲ್ಲಿ ತಮ್ಮ ಸೊಂಟವನ್ನು ಚಾಚಿ ಮಲಗುತ್ತಾರಂತೆ.

ಗುಡ್ಡದ ದೇವರು ಎರಡೂ ದಡವನ್ನು ಕಾಯಲಿ. ನಿನ್ನ ಮಕ್ಕಳು ಎರಡೂ ಗುಡ್ಡದ ನೀರು ಕುಡಿದು ಬೆಳೆಯಲಿ. ನಿನಗೆ ಯಾರ ಮಾತಿನ ಬಿಸಿಯೂ ತಾಗದಿರಲಿ, ನನ್ನದೂ ಸೇರಿ.

ನಿನ್ನ ಅಕ್ಕ,
ರುಗಾಯಾ

ತಾ.ಕ.: ಕಾಗದ ಮಡಿಸಿ ಆಗಿತ್ತು. ಮತ್ತೆ ಬಿಚ್ಚಿದ್ದೇನೆ.

ಕೆಸರು ಬಂದ ಮರುದಿನ ನೀವೆಲ್ಲ ಶಾಲೆಯ ಕಟ್ಟಡದಲ್ಲಿ ಇದ್ದಿರಿ. ಆಡು ಹುಡುಕುತ್ತೇನೆಂದು ನಾನೊಬ್ಬಳೇ ಮೇಲೆ ಹತ್ತಿದ್ದೆ. ಹಳ್ಳ ಜಾಗ ಬದಲಿಸಿತ್ತು, ಎಡ ಯಾವುದು ಬಲ ಯಾವುದು ಎಂದು ಹೇಳುವಂತಿರಲಿಲ್ಲ. ನಮ್ಮೆರಡರಲ್ಲಿ ಒಂದೇ ಮರ ನಿಂತಿತ್ತು. ಅದರ ಬುಡದ ಕೆಸರು ಕೈಯಿಂದ ಬಗೆದೆ. ಕಲ್ಲು ಬಿಳಿ ಇತ್ತು.

ಹೋದದ್ದು ನನ್ನ ಮರ, ನುರೈನ್. ನಿನ್ನದಲ್ಲ.

ನನ್ನ ಮದುವೆಗೆ ಇನ್ನು ಮೂರು ವಾರ ಇತ್ತು. ಮುಖ್ತಾರನ ತಾಯಿ ಎಂಥವಳೆಂದು ನಿನಗೆ ಗೊತ್ತು. ಅಲ್ಲೇ ಕೆಸರಲ್ಲಿ ಕೂತು ಲೆಕ್ಕ ಹಾಕಿದೆ. ನಿನಗೆ ಇನ್ನೂ ಹುಡುಗ ಗೊತ್ತಾಗಿಲ್ಲ, ನೀನು ನನಗಿಂತ ಚೆಲುವೆ, ಊರು ಆರು ತಿಂಗಳಲ್ಲಿ ಮರೆಯುತ್ತದೆ, ನಿನಗೆ ನಷ್ಟ ಕಡಿಮೆ ಎಂದುಕೊಂಡೆ. ಶಾಲೆಯ ಇರ್ಫಾನ್ ಮೇಷ್ಟರ ಮನೆಯವರು ನಿನ್ನನ್ನು ಕೇಳಲು ಬರುವವರಿದ್ದದ್ದು ನನಗೆ ಗೊತ್ತಿರಲಿಲ್ಲ ಎಂದು ಬರೆಯಹೊರಟಿದ್ದೆ. ಗೊತ್ತಿತ್ತು. ಬಿಳಿ ಕಲ್ಲು ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡು, ಪಕ್ಕದಲ್ಲಿ ಬಿದ್ದಿದ್ದ ಕರೀ ಕಲ್ಲೊಂದನ್ನು ಅಲ್ಲಿಟ್ಟೆ. ಈ ದ್ವೀಪದಲ್ಲಿ ಕರೀ ಕಲ್ಲಿಗೇನು ಬರ. ಕೆಳಗಿಳಿದು ಎಲ್ಲರ ಎದುರಿಗೆ "ನುರೈನಳ ಮರ ಹೋಯ್ತು" ಎಂದು ಅತ್ತೆ. ಅತ್ತದ್ದು ಮಾತ್ರ ನಿಜ. ನನ್ನ ಮರ ಹೋಗಿತ್ತಲ್ಲ.

ಯಾಯಾಗೆ ಗೊತ್ತು. ಮರುವರ್ಷ ಅವಳು ತೋಟಕ್ಕೆ ಬಂದಾಗ ಸೊಂಟದೆತ್ತರಕ್ಕೆ ಕವಲೊಡೆದ ಆ ಬೊಡ್ಡೆಯನ್ನು ಸವರಿದಳು, ನೆಟ್ಟು ಬೆಳೆಸಿದ ಕೈಗೆ ಕಲ್ಲು ಬೇಕಿರಲಿಲ್ಲ, ಅದು ನಿನ್ನದೆಂದು ತಿಳಿಯಿತು. ಅಷ್ಟರಲ್ಲಿ ನಾನು ಬಸುರಿ, ನೀನು ತಿದೋರೆಯಲ್ಲಿ. ಅವಳೂ ಏನೂ ಹೇಳಲಿಲ್ಲ. ಹನ್ನೊಂದು ವರ್ಷ ಒಂದೇ ಮನೆಯಲ್ಲಿ ಇಬ್ಬರೂ ಆ ಸುಳ್ಳನ್ನೇ ಬೇಯಿಸಿಕೊಂಡು ತಿಂದೆವು. ಆ ಲವಂಗವನ್ನು ನಾನು ಕೀಳಿಸದಿರುವುದು ಯಾಕೆಂದು ಈಗ ನಿನಗೆ ತಿಳಿಯಿತು. ಅದು ನಿನ್ನದು. ಇವತ್ತು ಕರೀ ಕಲ್ಲು ತೆಗೆದು ಹಳ್ಳಕ್ಕೆ ಹಾಕಿ, ನೀನು ಕಳಿಸಿದ ಬಿಳಿಯದನ್ನು ಬುಡಕ್ಕೆ ಇಟ್ಟು ಬಂದೆ. ಏಣಿ ಮೇಲಿದ್ದವರು ನೋಡಿದರು. ಇದು ಯಾರ ಮರ ಎಂದು ಕೇಳಿದರು, ಹೇಳಿದೆ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿರುತ್ತದೆ. ಅದು ಮುಟ್ಟುವ ಮೊದಲೇ ಮುಖ್ತಾರನಿಗೆ ನಾನೇ ಹೇಳಿದೆ. ಜೀವನದಲ್ಲಿ ಮೊದಲ ಸಲ ಅವನ ಬಾಯಿಂದ ತಮಾಷೆ ಬರಲಿಲ್ಲ.

ನಿನ್ನ ಹಳೆಯ ಬಿಳಿ ಕಲ್ಲನ್ನು ಅವತ್ತೇ ತೋಲಿರೆಗೆ ಒಯ್ದು ಎಸೆದಿದ್ದೆ, ಯಾರಿಗೂ ಸಿಗದಿರಲಿ ಎಂದು. ಅಂಚಿನಲ್ಲಿ ನಾನೊಬ್ಬಳೇ ಇದ್ದೆ. ಅದು ಬಾಗಲಿಲ್ಲ, ಕಾಡಿನಲ್ಲಿ ಮಾಯವಾಗಲಿಲ್ಲ. ನೇರವಾಗಿ ಹೋಗಿ ನೀರು ಮುಟ್ಟಿತು. ಉಂಗುರ ಎದ್ದು ದಡದವರೆಗೆ ಹರಡಿದ್ದನ್ನು ಈ ಕಣ್ಣಿನಿಂದ ನೋಡಿದೆ. ಆಮೇಲೂ ದಿನಾ ಅಲ್ಲೇ ನಿಂತು, ಇವತ್ತಿನವರೆಗೆ ಒಂದೂ ಮುಟ್ಟಿಲ್ಲ ಎಂದು ಹೇಳುತ್ತಿದ್ದೇನೆ.

ಶನಿವಾರ ಏಳಕ್ಕೆ ದೋಣಿ ಬಿಡುತ್ತದೆ. ಮರ ಇಲ್ಲದವಳಿಗೆ ಸುತ್ತು ಇಲ್ಲ ಎಂದು ಬರೆದವಳು ನೀನೇ. ಆದ್ದರಿಂದ ನಾನು ಹತ್ತುವುದಿಲ್ಲ. ಇಬ್ಬರೂ ಇಲ್ಲದೆ ಹತ್ತುವುದಿಲ್ಲ ಎಂದಿದ್ದಳಲ್ಲ ಯಾಯಾ, ಅವಳಿಗೆ ಇದನ್ನು ಹೇಳಿದೆ. ಅವಳು "ಅವಳು ಬರ್ಲಿ. ನೀನು ಹತ್ಬೇಕೋ ಬೇಡ್ವೋ, ಬಂದ ಮೇಲೆ ಅವಳೇ ಹೇಳ್ಲಿ" ಎಂದಳು. ಚುಕ್ಕಾಣಿ ಮುಖ್ತಾರ್ ಹಿಡಿಯುತ್ತಾನೆ. ನಿನ್ನ ಜಾಗ ಮುಂದೆ, ಗುಡ್ಡ ಕಾಣುವ ಕಡೆ. ನಾನು ಕಟ್ಟೆಯ ಮೇಲೆ ಹಗ್ಗ ಹಿಡಿದು ನಿಂತಿರುತ್ತೇನೆ. ನೀನು ಕೂತು, ಬಿಡು ಎಂದರೆ ಬಿಡುತ್ತೇನೆ.